ಎಂಟು ವಾರದ ಮಾತ್ರೆ

ಜನವರಿ 9

ಚೂಟಿಗೆ ಅಕ್ಕನ ಆಶೀರ್ವಾದ.

ನಿನ್ನ ಪಾರ್ಸೆಲ್ ಇವತ್ತು ಮಧ್ಯಾಹ್ನ ಬಂತು. ಅಂಚೆಯವನು ಬಾಗಿಲು ತಟ್ಟಿದ್ದೇ ತಡ, ಅಮ್ಮ ಗೋಡೆ ಹಿಡಿದುಕೊಂಡು ಎದ್ದು ಬಂದಳು. ಊಟಕ್ಕೆ ನಾನು ಮೂರು ಸಲ ಕೂಗಿದರೂ ಏಳದವಳಿಗೆ ನಿನ್ನ ಡಬ್ಬಿ ಅಂದರೆ ಮಂಡಿನೋವೂ ಮರೆತುಹೋಗುತ್ತದೆ. ಆ ಎರಡು ಬಣ್ಣದ ಕ್ಯಾಪ್ಸೂಲಿನ ಪಟ್ಟಿಗಳನ್ನು ಮಡಿಲಲ್ಲಿ ಹರಡಿಕೊಂಡು, "ಅಷ್ಟು ದೂರದಿಂದ ತಿಂಗಳು ತಪ್ಪದೆ ಕಳಿಸ್ತಾಳೆ ನೋಡು" ಅಂದಳು. ನಾನು ಆಗ ಅವಳ ಬಟ್ಟೆ ಹಿಂಡುತ್ತಿದ್ದೆ. ದಿನ ತಪ್ಪದೆ ಹಿಂಡುತ್ತೇನೆ, ಅದನ್ನು ಯಾರು ನೋಡಬೇಕು?

ಫೋನ್ ಮಾಡು ಎಂದು ಮತ್ತೆ ಬರೆಯಬೇಡ. ಅಮ್ಮನಿಗೆ ಫೋನಿನಲ್ಲಿ ಕಿವಿ ಕೇಳುವುದಿಲ್ಲ. ನಾವಿಬ್ಬರು ಮಾತಾಡಿದರೆ ಐದನೇ ನಿಮಿಷಕ್ಕೆ ಜುಟ್ಟು ಹಿಡಿದುಕೊಳ್ಳುತ್ತೇವೆ. ಅದನ್ನು ನೋಡಿಯೇ ತಾನೆ ಅವಳು ತೀರ್ಪು ಕೊಟ್ಟಿದ್ದು? "ಕಾಗದ ಬರ್ಕೊಳ್ಳಿ. ಕಾಗದದಲ್ಲಾದ್ರೆ ಒಬ್ಬರ ಮಾತು ಮುಗಿಯೋವರೆಗೂ ಇನ್ನೊಬ್ಬರು ಬಾಯಿ ಹಾಕಕ್ಕಾಗಲ್ಲ." ಮೂವತ್ತು ವರ್ಷ ಮಕ್ಕಳಿಗೆ ಕಾಪಿ ಬರೆಸಿದ ಟೀಚರಮ್ಮ, ಮುದುಕಿಯರಾಗುತ್ತಿರುವ ನಮಗೂ ಅದೇ ಶಿಕ್ಷೆ.

ಅಂದ ಹಾಗೆ, ಅವಳ ಎದೆಯುರಿಗೆ ಎರಡು ವರ್ಷದಿಂದ ನಾನೂ ಒಂದು ಮಾತ್ರೆ ಕೊಡುತ್ತಿದ್ದೇನೆ. ನಮ್ಮ ಬೀದಿ ಮೂಲೆಯ ಮೆಡಿಕಲ್ ಅಂಗಡಿಯದು, ಹಳದಿ, ಚಿಕ್ಕದು. ಬೆಳಿಗ್ಗೆ ತಿಂಡಿಯ ಜೊತೆ ನನ್ನ ಕೈಯಾರೆ ಕೊಡುತ್ತೇನೆ, ನನ್ನೆದುರಿಗೇ ನುಂಗುತ್ತಾಳೆ. ನಿನಗೆ ಗೊತ್ತಿರಲಿ ಎಂದು ಬರೆದೆ. ನಿನ್ನ ಕ್ಯಾಪ್ಸೂಲನ್ನು ಎಷ್ಟು ದಿನ ತೆಗೆದುಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದರು? ಅಮ್ಮ ನಿನ್ನ ಮನೆಗೆ ಬಂದುಹೋಗಿ ಎರಡು ವರ್ಷದ ಮೇಲಾಯಿತು.

ಶಾಲೆಯ ಲೈಬ್ರರಿಯ ಪುಸ್ತಕಗಳು ಬೈಂಡಿಂಗಿಗೆ ಬಂದು ರಾಶಿ ಬಿದ್ದಿವೆ. ಕಲಸಿಟ್ಟ ಅಂಟು ಒಣಗುತ್ತಿದೆ, ಏಳುತ್ತೇನೆ. ಅಮ್ಮ ಚೆನ್ನಾಗಿದ್ದಾಳೆ. ಅವಳ ಕಾಗದ ಇದರ ಜೊತೆಗಿದೆ.

ಅಕ್ಕ


ಜನವರಿ 24

ಅಕ್ಕನಿಗೆ,

ಅಮ್ಮನ ಕಾಗದವನ್ನು ಮನೆಯಲ್ಲಿ ಎರಡು ಸಲ ಓದಿದೆ, ಕೌಂಟರಿನಲ್ಲಿ ಕದ್ದು ಒಂದು ಸಲ. "ನನ್ನ ಬಂಗಾರ, ನಿನ್ನ ಮಾತ್ರೆ ಬಿದ್ದ ಮೇಲೇ ನನ್ನ ಹೊಟ್ಟೆ ತಣ್ಣಗಿರೋದು" ಎಂದು ಬರೆದಿದ್ದಾಳೆ. ನಿನಗೆ ಓದಿ ಹೇಳಿದಳೋ ಇಲ್ಲವೋ ಎಂದು ತಿಳಿಸಿದೆ. ಎಪ್ಪತ್ತು ದಾಟಿದರೂ ಅವಳ ಅಕ್ಷರ ನೋಡು, ಒಂದು ಗೆರೆ ನಡುಗಿಲ್ಲ. ನಮ್ಮ ಆಸ್ಪತ್ರೆಯ ಡಾಕ್ಟರುಗಳನ್ನೆಲ್ಲ ಅವಳ ಮುಂದೆ ಕೂರಿಸಿ ಕಾಪಿ ಬರೆಸಬೇಕು. ಅವರ ಚೀಟಿ ಓದಿ ಓದಿ ನನ್ನ ಕಣ್ಣು ಹೋಗುತ್ತಿದೆ.

ಈಗ ಕೆಲಸದ ಮಾತು. ಈ ಕ್ಯಾಪ್ಸೂಲನ್ನು ಬರಿ ಹೊಟ್ಟೆಯಲ್ಲಿ, ತಿಂಡಿಗೆ ಅರ್ಧ ಗಂಟೆ ಮುಂಚೆ ನುಂಗಬೇಕು. ತಿಂದ ಮೇಲೆ ನುಂಗಿದರೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಅಗಿಯಬಾರದು. ನಿನ್ನ ಹಳದಿ ಮಾತ್ರೆಯ ಹೆಸರು ಬರೆದು ಕಳಿಸು. ಅಥವಾ ಅದೂ ಬೇಡ, ನಿಲ್ಲಿಸಿಯೇ ಬಿಡು. ಮೂಲೆ ಅಂಗಡಿಯವರು ಕೇಳಿದವರಿಗೆಲ್ಲ ಎತ್ತಿ ಕೊಡುವ ಸಾಮಾನು ಅಮ್ಮನಿಗೆ ಯಾಕೆ? ನನ್ನದು ಸಾಕು. ಎಷ್ಟು ದಿನ ಎನ್ನುವುದನ್ನು ನಾನು ನೋಡಿಕೊಳ್ಳುತ್ತೇನೆ, ನೀನು ತಲೆ ಕೆಡಿಸಿಕೊಳ್ಳಬೇಡ.

ನಿನಗೇನಮ್ಮ, ಎದ್ದರೆ ಅಮ್ಮ, ಕೂತರೆ ಅಮ್ಮ. ನಾನಿಲ್ಲಿ ಗಾಜಿನ ಕಿಂಡಿಯ ಹಿಂದೆ ಕೂತು ದಿನಕ್ಕೆ ಇನ್ನೂರು ಜನರ ಅಮ್ಮಂದಿರಿಗೆ ಮಾತ್ರೆ ಕೊಡುತ್ತೇನೆ. ಅವರಲ್ಲಿ ಯಾರಾದರೂ ನಮ್ಮಮ್ಮನ ಹಾಗೆ ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಅದನ್ನೇ ಹುಡುಕುತ್ತಾ ನಿಂತರೆ ನನಗೆ ಅಳು ಬರುವುದಿಲ್ಲ, ನಿನ್ನ ಮೇಲೆ ಸಿಟ್ಟು ಬರುತ್ತದೆ.

ಚೂಟಿ


ಫೆಬ್ರವರಿ 11

ಚೂಟಿಗೆ,

"ನನ್ನದು ಸಾಕು" ಅಂತೆ! ಬಿಳಿ ಕೋಟು ಹಾಕಿಕೊಂಡ ಮಾತ್ರಕ್ಕೆ ನೀನು ಕೊಟ್ಟದ್ದು ಅಮೃತ, ನಾನು ಕೊಟ್ಟದ್ದು ಮಣ್ಣು. ಮಾತ್ರೆಯ ಹೆಸರು ಬರೆಯುವುದಿಲ್ಲ ಹೋಗು. ಅಮ್ಮನಿಗೆ ಎದೆಯುರಿ ಇಲ್ಲ, ಹುಳಿತೇಗು ಇಲ್ಲ. ಅಂದರೆ ನನ್ನ ಹಳದಿ ಮಾತ್ರೆ ತನ್ನ ಕೆಲಸ ಮಾಡುತ್ತಿದೆ. ಅವಳು ಯಾವುದನ್ನು ನುಂಗುತ್ತಾಳೆ, ಯಾವುದನ್ನು ಟ್ರಂಕಿನಲ್ಲಿ ಎತ್ತಿಡುತ್ತಾಳೆ ಎನ್ನುವುದು ಜೊತೆಯಲ್ಲಿ ಇರುವವಳಿಗೆ ಗೊತ್ತು. ಹೆಚ್ಚು ಹೇಳಿ ನಿನ್ನ ಮನಸ್ಸು ನೋಯಿಸುವುದಿಲ್ಲ.

ಹೌದು, ನನಗೆ ಹೊಟ್ಟೆಕಿಚ್ಚು. ಬಾಯಿಬಿಟ್ಟೇ ಹೇಳುತ್ತೇನೆ. ನೀನು ಹುಟ್ಟುವ ಮೊದಲು ನಾಲ್ಕು ವರ್ಷ ಅವಳು ನನ್ನೊಬ್ಬಳಿಗೇ ಅಮ್ಮ. ನೀನು ಬಂದೆ, ಎಲ್ಲವೂ ಎರಡು ಪಾಲಾಯಿತು. ನಮ್ಮ ಜಡೆಯ ರಿಬ್ಬನ್ನನ್ನೂ ಸ್ಕೇಲ್ ಇಟ್ಟು ಸರಿಸಮ ಕತ್ತರಿಸುತ್ತಿದ್ದಳು, ಒಬ್ಬಳಿಗೆ ನೂಲೆಳೆ ಹೆಚ್ಚಾಗಬಾರದು ಎಂದು. ಆದರೆ ನಿನ್ನದನ್ನು ಮೊದಲು ಕತ್ತರಿಸುತ್ತಿದ್ದಳು. ನೀನು ನೋಡಿರಲಿಕ್ಕಿಲ್ಲ. ನಾನು ನೋಡಿದ್ದೇನೆ.

ಮೊನ್ನೆ ನನ್ನ ಒಳ್ಳೆಯ ಗಾಜಿನ ಲೋಟ ಕೈಜಾರಿಸಿ ಒಡೆದಳು, ಈ ವರ್ಷದಲ್ಲಿ ಮೂರನೆಯದು. ವಯಸ್ಸಾದವರ ಮನೆಯಲ್ಲಿ ಇದೆಲ್ಲ ಇದ್ದದ್ದೇ. ಚೂರು ಆಯುವವಳು ನಾನು, ಬಂಗಾರ ಮಾತ್ರ ನೀನು.

ಅಕ್ಕ


ಮಾರ್ಚ್ 20

ಅಕ್ಕ,

ಫೆಬ್ರವರಿಯ ಪಾರ್ಸೆಲ್ ತಲುಪಿದ್ದಕ್ಕೆ ಅಮ್ಮನ ಕಾಗದ ಬರಲಿಲ್ಲ. ಮಾರ್ಚಿನದಕ್ಕೂ ಇಲ್ಲ. ಎರಡು ವರ್ಷದಲ್ಲಿ ಹೀಗೆ ಆಗಿಯೇ ಇರಲಿಲ್ಲ. ನೇರವಾಗಿ ಕೇಳುತ್ತೇನೆ: ಅವಳು ಬರೆದದ್ದನ್ನು ನೀನು ಅಂಚೆಗೆ ಹಾಕುತ್ತಿಲ್ಲವೇ? ಒಂದು ಲೋಟ ಒಡೆದದ್ದನ್ನೂ ನನ್ನ ಮೇಲೆ ದೂರಾಗಿ ಬರೆಯುವವಳು ನೀನು, ನಿನ್ನಿಂದ ಏನೂ ಸಾಧ್ಯ.

ಹೀಗೆ ಮಾಡು. ಏಪ್ರಿಲ್ ಮೊದಲ ವಾರ ಭಾವನ ಜೊತೆ ಅಮ್ಮನನ್ನು ಇಲ್ಲಿಗೆ ಕಳಿಸಿಕೊಡು. ನನ್ನ ಮನೆ ಈಗ ನೆಲಮಹಡಿಯಲ್ಲಿದೆ, ಮೆಟ್ಟಿಲಿಲ್ಲ. ಕಿಟಕಿಯ ಪಕ್ಕದಲ್ಲಿ ಅವಳಿಗೆ ಮಂಚ ಹಾಕಿಸಿದ್ದೇನೆ, ಹೊಸ ಹಾಸಿಗೆ. ಆಸ್ಪತ್ರೆ ಐದು ನಿಮಿಷದ ದಾರಿ. ನಿನಗೂ ಅವಳ ಬಟ್ಟೆ ಹಿಂಡುವ ಕಷ್ಟ ತಪ್ಪುತ್ತದೆ. ಆರು ತಿಂಗಳು ನಿನ್ನ ಹತ್ತಿರ, ಆರು ತಿಂಗಳು ನನ್ನ ಹತ್ತಿರ. ಸ್ಕೇಲ್ ಇಟ್ಟು ಅಳೆದ ಹಾಗೆಯೇ ಇರಲಿ.

ಚೂಟಿ


ಮಾರ್ಚ್ 28

ಚೂಟಿಗೆ,

ಅಮ್ಮನ ಕಾಗದ ಇದರೊಳಗಿದೆ, ಓದಿಕೋ. ಈ ಬಿಸಿಲಲ್ಲಿ ಅಷ್ಟು ದೂರದ ಪ್ರಯಾಣ ತನಗೆ ಬೇಡ, ಇಲ್ಲೇ ಸುಖವಾಗಿದ್ದೇನೆ ಎಂದು ಅವಳೇ ಬರೆದಿದ್ದಾಳೆ. ಅವಳ ಅಕ್ಷರ ನಿನಗೆ ಗೊತ್ತಲ್ಲ.

ಹೊಸ ಹಾಸಿಗೆಯ ಮೇಲೆ ನೀನೇ ಮಲಗು.

ಅಕ್ಕ


ಏಪ್ರಿಲ್ 17

ಚೂಟಿ,

ಗಾಬರಿಯಾಗಬೇಡ, ಅಮ್ಮನ ಜೀವಕ್ಕೆ ಅಪಾಯವಿಲ್ಲ. ಇದನ್ನು ಮೊದಲು ಬರೆದು ಆಮೇಲೆ ಉಳಿದದ್ದು ಬರೆಯುತ್ತಿದ್ದೇನೆ.

ಹೋದ ವಾರ ಬೆಳಿಗ್ಗೆ ಅಮ್ಮ ಬೈಂಡಿಂಗ್ ಕೋಣೆಯ ಹೊಸ್ತಿಲು ದಾಟುವಾಗ ಬಿದ್ದಳು. ಎಡವಲಿಲ್ಲ, ಜಾರಲಿಲ್ಲ. ಕಾಲು ಎಲ್ಲಿಟ್ಟೆ ಎಂದೇ ಗೊತ್ತಾಗಲಿಲ್ಲ ಅಂದಳು. ಬಲ ಮಣಿಕಟ್ಟು ಮುರಿದಿದೆ. ನಿನ್ನ ಭಾವ ಎತ್ತಿಕೊಂಡು ಹೋಗಿ ಗಾಡಿಯಲ್ಲಿ ಕೂರಿಸಿದರು. ಅವಳು ಎಷ್ಟು ಹಗುರಾಗಿದ್ದಾಳೆ ಎಂದು ಆಗಲೇ ನಮಗೆ ತಿಳಿದದ್ದು.

ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು. ಕೈಗೆ ಪ್ಲಾಸ್ಟರ್ ಹಾಕಿದ ಮೇಲೆ ಅಮ್ಮನ ಪಾದಕ್ಕೆ ಪಿನ್ನು ಚುಚ್ಚಿ ಚುಚ್ಚಿ ನೋಡಿದರು, ಅಮ್ಮ ಸುಮ್ಮನೆ ಸೂರು ನೋಡುತ್ತಿದ್ದಳು. "ಮನೇಲಿರೋ ಮಾತ್ರೆಯೆಲ್ಲ ತನ್ನಿ, ಒಂದೂ ಬಿಡಬೇಡಿ" ಅಂದರು. ನಾನು ಹಳದಿ ಮಾತ್ರೆ ತೆಗೆದುಕೊಂಡೆ. ಟ್ರಂಕಿನಿಂದ ನಿನ್ನ ಡಬ್ಬಿಗಳನ್ನೂ ಚೀಲಕ್ಕೆ ಸುರಿದುಕೊಂಡೆ, ತುಂಬಿದ ಡಬ್ಬಿಗಳನ್ನು ಡಾಕ್ಟರು ನೋಡಲಿ, ನಿನ್ನ ಕ್ಯಾಪ್ಸೂಲನ್ನು ಯಾರೂ ಮುಟ್ಟಿಲ್ಲ ಎಂದು ಗೊತ್ತಾಗಲಿ ಎಂದು. "ನಿನ್ನ ಮಾತ್ರೆನೇ ತಗೋತೀನಿ ಕಣೆ, ಅವಳದ್ದು ಸುಮ್ನೆ ಇಟ್ಕೊಂಡಿರ್ತೀನಿ" ಎಂದು ಅಮ್ಮ ನನಗೆ ಹೇಳಿದ್ದಳು. ಎರಡು ವರ್ಷ ಅದೇ ಸಂತೋಷದಲ್ಲಿ ನಾನು ಉಬ್ಬಿಹೋಗಿದ್ದೆ.

ಮೇಜಿನ ಮೇಲೆ ಸುರಿದರೆ ಎಲ್ಲ ಖಾಲಿ ಪಟ್ಟಿ. ಈ ತಿಂಗಳದ್ದು ಮಾತ್ರ ಅರ್ಧ ಉಳಿದಿತ್ತು. ಡಾಕ್ಟರು ಎರಡರ ಹಿಂದಿನ ಸಣ್ಣ ಅಕ್ಷರ ಓದಿ, "ಎರಡೂ ಒಂದೇ ಜಾತಿ ಮಾತ್ರೆ, ಹೆಸರು ಬೇರೆ ಅಷ್ಟೆ. ಎರಡನ್ನೂ ತಗೊಳ್ಳಿ ಅಂತ ಯಾರು ಹೇಳಿದ್ದು?" ಅಂದರು. ನಾನು ಅಮ್ಮನ ಮುಖ ನೋಡಿದೆ. ಅಮ್ಮ ಸಿಕ್ಕಿಬಿದ್ದ ಮಗುವಿನ ಹಾಗೆ ಹೇಳಿದಳು, "ದೊಡ್ಡವಳದ್ದು ಬೆಳಿಗ್ಗೆ, ಇವಳೆದುರಿಗೆ. ಚಿಕ್ಕವಳದ್ದು ಸಾಯಂಕಾಲ, ಇವಳು ಅಂಗಡಿಗೆ ಹೋದಾಗ. ಒಬ್ಬಳದ್ದು ನುಂಗಿ ಇನ್ನೊಬ್ಬಳದ್ದು ಹೇಗೆ ಬಿಡ್ಲಿ ಡಾಕ್ಟ್ರೇ? ನಂಗೆ ಇಬ್ಬರೂ ಒಂದೇ."

ಡಾಕ್ಟರು ನಗಲಿಲ್ಲ. "ಹೊಟ್ಟೆಯ ಆಸಿಡ್ ಸುಮ್ಮನೆ ಇರೋದಲ್ಲಮ್ಮ. ಊಟದಲ್ಲಿರೋ ಬಿ12 ಮೈಗೆ ಹತ್ತಬೇಕಾದರೆ ಅದು ಬೇಕು. ಅದನ್ನ ಎರಡು ವರ್ಷ ದಿನಾ ಎರಡೆರಡು ಮಾತ್ರೆ ಹಾಕಿ ಅಡಗಿಸಿಬಿಟ್ಟಿದ್ದೀರಿ" ಅಂದರು. ರಕ್ತದಲ್ಲಿ ಬಿ12 ನೆಲ ಕಚ್ಚಿದೆ, ಮೆಗ್ನೀಸಿಯಂ ಕೂಡ ಕಡಿಮೆ. ಮೂಳೆ ಸವೆದಿರುವುದಕ್ಕೂ ಇದು ಒಂದು ಕಾರಣ ಇರಬಹುದಂತೆ. ಮಾತ್ರೆ ಕೆಟ್ಟದ್ದಲ್ಲ, ಹುಣ್ಣಿಗೆ, ಉರಿಗೆ ಒಳ್ಳೆಯದೇ, ಆದರೆ ಇದಕ್ಕೊಂದು ಗಡುವು ಇರುತ್ತದೆ, ಇಷ್ಟು ದಿನ ಬೇಕೋ ಬೇಡವೋ ಎಂದು ನಡುನಡುವೆ ಡಾಕ್ಟರು ನೋಡಬೇಕಿತ್ತು ಎಂದರು. ಆಮೇಲೆ ನನ್ನನ್ನು ಕೇಳಿದರು, "ಮೊದಲು ಎಷ್ಟು ದಿನಕ್ಕೆ ಬರೆದುಕೊಟ್ಟಿದ್ದರು?" ನನಗೆ ಗೊತ್ತಿಲ್ಲ ಅಂದೆ. ಜನವರಿಯಲ್ಲಿ ನಾನು ಇದೇ ಪ್ರಶ್ನೆಯನ್ನು ನಿನಗೆ ಕೇಳಿದ್ದೆ. ಈಗಲಾದರೂ ಉತ್ತರ ಕೊಡು.

ನನ್ನದೂ ಒಂದಿದೆ. ಅದನ್ನು ಬರೆಯದೆ ನಿನ್ನನ್ನು ಬಯ್ಯಲು ಬಾಯಿ ಬರುವುದಿಲ್ಲ.

ಅಮ್ಮನ ಬೆರಳು ಜೋಮು ಹಿಡಿದು ಒಂದು ವರ್ಷದ ಮೇಲಾಯಿತು. ಪೆನ್ನು ಹಿಡಿದಿದ್ದೇನೆಂದೇ ಗೊತ್ತಾಗುತ್ತಿರಲಿಲ್ಲ ಅವಳಿಗೆ. ಅಂದಿನಿಂದ ನಿನಗೆ ಬಂದ ಕಾಗದಗಳನ್ನೆಲ್ಲ ಅವಳು ಹೇಳಿದಳು, ನಾನು ಬರೆದೆ, ಅವಳ ಅಕ್ಷರದಲ್ಲೇ. ನನ್ನ ಕೈ ಹಿಡಿದು ತಿದ್ದಿಸಿದವಳೇ ಅವಳು. ದಿನವೂ ರಟ್ಟಿನ ಮೇಲೆ ಪುಸ್ತಕದ ಹೆಸರು ಬರೆಯುವ ನನಗೆ ಅದೇನು ಕಷ್ಟ? ಚಿಕ್ಕವಳು ಗಾಬರಿಯಾಗುತ್ತಾಳೆ ಎಂದು ಅಮ್ಮನಿಗೆ ಹೇಳಿ ಒಪ್ಪಿಸಿದ್ದೆ. ನಿಜ ಏನೆಂದರೆ, ಜೋಮು ಎಂದು ಒಂದು ಮಾತು ಬರೆದಿದ್ದರೆ ನೀನು ಮರುದಿನವೇ ಅವಳನ್ನು ಕರೆಸಿಕೊಂಡುಬಿಡುತ್ತಿದ್ದೆ. ಆಮೇಲೆ ಅವಳು ವಾಪಸ್ ಬರುತ್ತಿರಲಿಲ್ಲ. "ನನ್ನ ಬಂಗಾರ" ಎಂದು ನಿನಗೆ ಬರೆದ ಕೈ ನನ್ನದು. ಬರೆಯುವಾಗ ಕಾಗದ ಹರಿಯುವ ಹಾಗೆ ಪೆನ್ನು ಒತ್ತುತ್ತಿದ್ದೆ.

ಅಕ್ಕ


ಏಪ್ರಿಲ್ 25

ಅಕ್ಕ,

ಎಂಟು ವಾರ.

ಚೀಟಿ ನನ್ನ ಹತ್ತಿರವೇ ಇದೆ. ಮಂಡಿನೋವಿನ ಮಾತ್ರೆಯಿಂದ ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಆ ನೋವಿನ ಮಾತ್ರೆ ನಿಲ್ಲಿಸಿ, ಈ ಕ್ಯಾಪ್ಸೂಲನ್ನು ಎಂಟು ವಾರ ಕೊಟ್ಟು, ಆಮೇಲೆ ಕರೆದುಕೊಂಡು ಬಂದು ತೋರಿಸಿ ಎಂದು ಡಾಕ್ಟರು ಬರೆದಿದ್ದರು. ಅಮ್ಮ ನಾಲ್ಕು ವಾರಕ್ಕೆ ನಿನ್ನ ಹತ್ತಿರ ಹೊರಟುಬಂದಳು. ಉಳಿದ ನಾಲ್ಕು ವಾರದ್ದನ್ನು ಪಾರ್ಸೆಲ್ ಮಾಡಿದೆ. ಅದಕ್ಕೆ ಅಮ್ಮನ ಕಾಗದ ಬಂತು, ಎರಡು ಪುಟ. ಮುಂದಿನ ತಿಂಗಳು ನಾನು ಏನೂ ಕಳಿಸಲಿಲ್ಲ, ಕಾಗದವೂ ಬರಲಿಲ್ಲ. ಅದರ ಮುಂದಿನ ತಿಂಗಳು ಕಳಿಸಿದೆ, ಕಾಗದ ಬಂತು. ಆಮೇಲೆ ನಾನು ಒಂದು ತಿಂಗಳೂ ತಪ್ಪಿಸಲಿಲ್ಲ.

ಇದನ್ನು ಮಾಡಿದವಳು ಔಷಧಿ ಕೌಂಟರಿನಲ್ಲಿ ಕೂರುವವಳು. ಹಳೆಯ ಚೀಟಿ ತಂದವರನ್ನು ನಾನೇ ವಾಪಸ್ ಕಳಿಸುತ್ತೇನೆ, "ಗಡುವು ಮುಗಿದಿದೆ, ಡಾಕ್ಟರಿಗೆ ತೋರಿಸಿಕೊಂಡು ಬನ್ನಿ" ಎಂದು. ಬೇರೆ ಏನೇನು ಮಾತ್ರೆ ತಗೋತೀರಿ ಎಂದು ಎಲ್ಲರನ್ನೂ ಕೇಳುತ್ತೇನೆ. ನಿನ್ನನ್ನೂ ಕೇಳಿದೆ, ಆದರೆ ಹೆಸರು ತಿಳಿಯಲು ಕೇಳಲಿಲ್ಲ, ನಿನ್ನ ಮಾತ್ರೆಯನ್ನು ಅಮ್ಮನ ಬಾಯಿಂದ ಕಿತ್ತುಹಾಕಲು ಕೇಳಿದೆ. ನೀನು ಹೇಳದೆ ಇದ್ದದ್ದರಲ್ಲಿ ಆಶ್ಚರ್ಯವೇನು?

ಒಂದೇ ಒಂದು ಮಾತು ನನ್ನಿಂದ ಕೇಳಿಸಿಕೋ, ಕೌಂಟರಿನವಳು ಹೇಳುತ್ತಿದ್ದಾಳೆ ಎಂದುಕೋ. ಸಿಟ್ಟಿನಲ್ಲಿ ಎಲ್ಲವನ್ನೂ ಒಂದೇ ದಿನಕ್ಕೆ ಎಸೆಯಬೇಡ. ಇಷ್ಟು ಕಾಲ ಅಡಗಿಸಿಟ್ಟ ಆಸಿಡ್ ಒಮ್ಮೆಲೇ ನುಗ್ಗಿಬರುತ್ತದೆ, ಅಮ್ಮ ಉರಿಯಿಂದ ಒದ್ದಾಡುತ್ತಾಳೆ. ಆ ಡಾಕ್ಟರು ಹೇಳಿದ ಕ್ರಮದಲ್ಲೇ ಇಳಿಸಿಕೊಂಡು ಬಾ. ಮಲ ಕಪ್ಪಗೆ ಹೋದರೆ, ನುಂಗಲು ಕಷ್ಟವಾದರೆ, ವಾಂತಿಯಾದರೆ ತಕ್ಷಣ ಕರೆದುಕೊಂಡು ಹೋಗು. ಅವಳ ತೂಕ ಅಷ್ಟು ಇಳಿದಿರುವುದನ್ನೂ ಡಾಕ್ಟರಿಗೆ ಬಾಯಿಬಿಟ್ಟು ಹೇಳು.

ನಿನ್ನ ಕಾಗದ ಬಂದ ದಿನವೇ ಬಸ್ ನಿಲ್ದಾಣಕ್ಕೆ ಹೋದೆ. ಬಸ್ ಹತ್ತಿ, ಕೂತು, ಇಳಿದುಬಿಟ್ಟೆ. ಯಾವ ಮುಖ ಹೊತ್ತು ಬರಲಿ? ನೋಯಿಸಿದವಳು ನಾನು. ಮತ್ತೆ, ಒಂದು ವರ್ಷದ ಮೇಲಾಯಿತು, ಅಮ್ಮ ಒಂದೇ ಒಂದು ಸಲ "ಬಾ" ಎಂದು ಬರೆದಿಲ್ಲ. ಪ್ರತಿ ಕಾಗದವನ್ನೂ ಕೊನೆಯ ಸಾಲಿನಿಂದ ಓದಲು ಶುರು ಮಾಡುತ್ತಿದ್ದೆ, ಅಲ್ಲಿ ಆ ಮಾತು ಇದೆಯೇನೋ ಎಂದು. ನಿನ್ನ ಜೊತೆ ಅವಳಿಗೆ ಯಾವ ಕೊರತೆಯೂ ಇಲ್ಲ, ನಾನು ನೆನಪಾಗುವುದೇ ಇಲ್ಲ ಎಂದುಕೊಂಡೆ. ಎಷ್ಟು ಉರಿದೆ ಗೊತ್ತೇ ನಿನ್ನ ಮೇಲೆ? ಕರೆಯದ ಮನೆಗೆ ಬರುವಷ್ಟು ಗಟ್ಟಿ ನಾನಲ್ಲ.

ಈಗ ನೀನೇ ಹೇಳು. ಆ ಕಾಗದಗಳಲ್ಲಿ ಯಾವುದು ಅಮ್ಮನ ಮಾತು, ಯಾವುದು ನೀನು ಸೇರಿಸಿದ್ದು? "ಬಂಗಾರ" ಅವಳದೋ, ನಿನ್ನ ಕರುಣೆಯೋ?

ಚೂಟಿ


ಮೇ 6

ಚೂಟಿ,

ಅಮ್ಮನಿಗೆ ಬಿ12 ಸೂಜಿ ನಡೆಯುತ್ತಿದೆ. ಹಳದಿ ಮಾತ್ರೆಯನ್ನು ಡಾಕ್ಟರು ಮೊದಲ ದಿನವೇ ತೆಗೆಸಿದರು. ಕ್ಯಾಪ್ಸೂಲ್ ಈಗ ದಿನ ಬಿಟ್ಟು ದಿನ, ಈ ತಿಂಗಳ ಕೊನೆಗೆ ಅದೂ ಇಲ್ಲ. ನಡುವೆ ಎರಡು ದಿನ ಉರಿ ಎಂದು ಮುಖ ಕಿವುಚಿದಳು. ಊಟವನ್ನು ಬೇಗ ಮಾಡಿಸಿ, ಮಂಚದ ತಲೆಕಡೆಯ ಕಾಲುಗಳ ಕೆಳಗೆ ನನ್ನ ಬೈಂಡಿಂಗ್ ಹಲಗೆಗಳನ್ನು ಕೊಟ್ಟು ಎತ್ತರ ಮಾಡಿದ್ದೇನೆ, ಈಗ ಪರವಾಗಿಲ್ಲ. ತೂಕ ಇಳಿದದ್ದಕ್ಕೆ ಹೊಟ್ಟೆಯೊಳಗೆ ಕೊಳವೆ ಬಿಟ್ಟೂ ನೋಡಿದರು. ಹುಣ್ಣು ಯಾವತ್ತೋ ವಾಸಿಯಾಗಿದೆ, ಬೇರೇನೂ ಇಲ್ಲ. ನಿನ್ನೆ ಹೆಬ್ಬೆರಳಿಗೆ ನೀರಿನ ಬಿಸಿ ಗೊತ್ತಾಯಿತು ಎಂದು ಹೇಳಿದಳು. ಪೂರ್ತಿ ಸರಿಹೋಗುತ್ತದೋ ಇಲ್ಲವೋ ಡಾಕ್ಟರೂ ಹೇಳುತ್ತಿಲ್ಲ, ಕಾಯಬೇಕಂತೆ.

ನೀನು ಕೇಳಿದ್ದಕ್ಕೆ ಉತ್ತರ. ಮಾರ್ಚಿನ ಕಾಗದ, ಬಿಸಿಲಲ್ಲಿ ಬರುವುದಿಲ್ಲ ಎಂದದ್ದು, ಅದು ಪೂರ್ತಿ ನನ್ನದು. ಅಮ್ಮನಿಗೆ ಗೊತ್ತೇ ಇಲ್ಲ. ಅದಕ್ಕೆ ಮೊದಲು ಎರಡು ತಿಂಗಳು, ನಿನ್ನ ಮೇಲಿನ ಸಿಟ್ಟಿಗೆ, ಕೆಲಸದ ನೆಪ ಹೇಳಿ ಬರೆಯಲೇ ಇಲ್ಲ. ನನ್ನ ಕೈ ಬರೆದ ಉಳಿದ ಹದಿನಾಲ್ಕರಲ್ಲಿ ನಾನು ಒಂದಕ್ಷರ ಸೇರಿಸಿಲ್ಲ. ನಿನಗೆ ಬಂಗಾರ ಎಂದು ಸೇರಿಸಿ ಬರೆಯುವಷ್ಟು ದೊಡ್ಡ ಮನಸ್ಸು ನನಗೆಲ್ಲಿದೆ? ಅದು ಅವಳದೇ.

ಸೇರಿಸಲಿಲ್ಲ. ಬಿಟ್ಟಿದ್ದೇನೆ.

ಹದಿನಾಲ್ಕು ಸಲವೂ ಕೊನೆಗೆ ಅಮ್ಮ ಒಂದೇ ಮಾತು ಹೇಳುತ್ತಿದ್ದಳು: "ಮಾತ್ರೆ ಬರದಿದ್ರೂ ಪರವಾಗಿಲ್ಲ, ಅವಳೇ ಒಂದ್ಸಲ ಬರಲಿ ಅಂತ ಬರಿ." ನಾನು ಪೆನ್ನು ಮುಚ್ಚುತ್ತಿದ್ದೆ. "ಬರೆದ್ಯಾ?" ಎಂದು ಕೇಳುತ್ತಿದ್ದಳು. "ಬರೆದೆ" ಅನ್ನುತ್ತಿದ್ದೆ. ಮತ್ತೆ ತಿಂಗಳು ಕಳೆದು ನೀನು ಬರುತ್ತಿರಲಿಲ್ಲ, ಪಾರ್ಸೆಲ್ ಬರುತ್ತಿತ್ತು. "ಪಾಪ, ಬಿಡುವಿಲ್ವೇನೋ ಅವಳಿಗೆ. ಅದಕ್ಕೇ ಮಾತ್ರೆ ಕಳಿಸಿದಾಳೆ" ಎನ್ನುತ್ತಿದ್ದಳು. ಆ ಮಾತ್ರೆಯನ್ನು ಅವಳು ಯಾಕೆ ಒಂದು ದಿನವೂ ಬಿಡದೆ ನುಂಗಿದಳು ಎಂದು ನನಗೆ ಈಗ ಅರ್ಥವಾಗುತ್ತಿದೆ. ನಿನ್ನದು ಅಂತ ಅವಳ ಹತ್ತಿರ ಇದ್ದದ್ದು ಅದೊಂದೇ.

ಇದನ್ನು ಅಮ್ಮನಿಗೆ ಇನ್ನೂ ಹೇಳಿಲ್ಲ. ನನಗೆ ಧೈರ್ಯವಿಲ್ಲ, ನೀನೇ ಹೇಳು. ನಿನ್ನನ್ನು ಬಾಗಿಲಲ್ಲಿ ಕಂಡಾಗ ಅವಳ ಮುಖ ಹೇಗಾಗುತ್ತದೆ ಎಂದು ನೆನೆಸಿಕೊಂಡರೆ ನನಗೆ ಈಗಲೂ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ? ಆದರೂ ಅವಳು ಹದಿನಾಲ್ಕು ಸಲ ಹೇಳಿದ್ದನ್ನು ಇವತ್ತು ನನ್ನ ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ಬಾ.

ಅಕ್ಕ